ಪೆಟ್ಟು ತಿಂದೂ ಎದ್ದು ನಿಂತ ಬ್ಯಾಟ್ಲಿಂಗ್ ಸಿಕಿ

ಬಾಕ್ಸಿಂಗ್ ಎಂದೊಡನೆ ನಿಮಗೆ ಮುಹಮ್ಮದ್ ಅಲಿಯವರ ಹೆಸರು ನೆನಪಾಗುತ್ತದೆ. ಅವರು ಹುಟ್ಟುವ ಸುಮಾರು ಇಪ್ಪತ್ತು ವರ್ಷ ಮೊದಲೇ ವಿಶ್ವ ಚಾಂಪಿಯನ್ ಆಗಿದ್ದ ಆಫ್ರಿಕಾದ ಮುಸ್ಲಿಂ ಬಾಕ್ಸರ್ ಒಬ್ಬರನ್ನು ನೀವು ತಿಳಿದಿರಬೇಕು. ಅವರೇ ಬ್ಯಾಟ್ಲಿಂಗ್ ಸಿಕಿ.

1897ರಲ್ಲಿ ಸೆನೆಗಲ್ ದೇಶದ ಸೇಂಟ್ ಲೂಯಿ ಪಟ್ಟಣದಲ್ಲಿ ಜನಿಸಿದ ಇವರ ನಿಜನಾಮ ಲೂಯಿ ಎಂಬಾರಿಕ್ ಫಾಲ್. ಬಾಲ್ಯದಲ್ಲೇ ಫ್ರಾನ್ಸ್ ಸೇರಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ ಶೌರ್ಯ ಪದಕ ಪಡೆದರು.

1922ರ ಸೆಪ್ಟೆಂಬರ್ 24ರಂದು ಪ್ಯಾರಿಸ್‌ನಲ್ಲಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್, ಫ್ರೆಂಚರ ಕಣ್ಮಣಿ ಜಾರ್ಜ್ ಕಾರ್ಪೆಂಟಿಯರ್ ವಿರುದ್ಧ ಸೆಣಸಿದರು. ಆರಂಭದ ಸುತ್ತುಗಳಲ್ಲಿ ನೆಲಕ್ಕುರುಳಿದ ಸಿಕಿ ಮತ್ತೆ ಎದ್ದರು. ಪೆಟ್ಟು ಸಹಿಸುತ್ತಲೇ ಮುನ್ನುಗ್ಗಿ ಆರನೇ ಸುತ್ತಿನಲ್ಲಿ ಚಾಂಪಿಯನ್ನರನ್ನೇ ಕೆಡವಿದರು. ಆದರೆ ಕಾಲು ಅಡ್ಡ ಕೊಟ್ಟರೆಂದು ರೆಫರಿ ಅವರನ್ನೇ ಅನರ್ಹಗೊಳಿಸಿದರು. ಪ್ರೇಕ್ಷಕರು ಸಿಡಿದೆದ್ದರು. ಕೊನೆಗೆ ತೀರ್ಪುಗಾರರು ಗೆಲುವು ಸಿಕಿಯವರದೆಂದು ಘೋಷಿಸಿದರು.

ರಿಂಗಿನ ಹೊರಗೆ ಬಿದ್ದ ಪೆಟ್ಟುಗಳೇ ಬೇರೆ. ಪಟ್ಟಣಗಳಲ್ಲೇ ಬೆಳೆದ ಈ ವೀರಯೋಧನನ್ನು ಪತ್ರಿಕೆಗಳು ಕಾಡುಮನುಷ್ಯನೆಂದು ಗೇಲಿ ಮಾಡಿದವು. 1923ರಲ್ಲಿ ಡಬ್ಲಿನ್‌ನಲ್ಲಿ ಮೈಕ್ ಮ್ಯಾಕ್‌ಟೀಗ್ ಎದುರು 20 ಸುತ್ತು ನಿಂತರೂ ಅಂಕಗಳಲ್ಲಿ ಸೋತು ಪಟ್ಟ ಕಳೆದುಕೊಂಡರು. ಬಳಿಕ ಅಮೆರಿಕದಲ್ಲಿ ಕುಡಿತ, ಬೀದಿಜಗಳಗಳು ಅವರನ್ನು ನುಂಗತೊಡಗಿದವು. 1925ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ ಕೇವಲ 28 ವರ್ಷ. 1993ರಲ್ಲಿ ಅವರ ಅವಶೇಷಗಳನ್ನು ತಾಯ್ನಾಡಿಗೆ ತರಲಾಯಿತು.

ಮಿತ್ರರೇ, ಮುಷ್ಟಿಯ ಪೆಟ್ಟು ತಾಳಲು ದೇಹವನ್ನು ಪಳಗಿಸಬಹುದು. ಅವಮಾನದ ಪೆಟ್ಟನ್ನು ಒಂಟಿಯಾಗಿ ತಾಳುವುದು ಗಟ್ಟಿಗರಿಗೂ ಕಷ್ಟ. ನಿಮ್ಮ ತರಗತಿಯಲ್ಲಿ ಯಾರನ್ನಾದರೂ ಬಣ್ಣಕ್ಕೋ ಭಾಷೆಗೋ ಹೀಯಾಳಿಸಿದರೆ, ನೀವು ಅವರ ಪಕ್ಕದಲ್ಲಿ ನಿಲ್ಲಿರಿ.