ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (1895–1967) ಕರ್ನಾಟಕ ಸಂಗೀತದ ಪ್ರಸಿದ್ಧ ಪಿಟೀಲು ವಿದ್ವಾಂಸರು. ಪಿಟೀಲು ಚೌಡಯ್ಯ ಎಂದೇ ನಾಡಿನಲ್ಲಿ ಮನೆಮಾತಾಗಿದ್ದ ಅವರು, ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ವಾದ್ಯದ ನಾದ ಕೊನೆಯ ಸಾಲಿನ ಶ್ರೋತೃವಿಗೂ ತಲುಪಬೇಕೆಂಬುದು ಈ ಮಾರ್ಪಾಡಿನ ಉದ್ದೇಶವಾಗಿತ್ತು.

ಜನನ ಮತ್ತು ಶಿಕ್ಷಣ

ಚೌಡಯ್ಯನವರು 1895ರಲ್ಲಿ ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಕ್ಷೇತ್ರ ಇಂದಿನ ತಿ. ನರಸೀಪುರಕ್ಕೆ ಹೊಂದಿಕೊಂಡಿದೆ. ಮುಂದೆ ತಮ್ಮ ಕೃತಿಗಳಲ್ಲಿ ಅವರು ಬಳಸಿದ ‘ತ್ರಿಮಕುಟ’ ಎಂಬ ಅಂಕಿತ ಹುಟ್ಟೂರಿನ ಹೆಸರಿನಿಂದಲೇ ಬಂದುದು.

1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು, ಕಠಿಣ ಶಿಸ್ತಿಗೆ ಹೆಸರಾದವರು. ಗುರುಕುಲದ ಈ ವಾಸ ಹಲವು ವರ್ಷ ನಡೆಯಿತು. ಗಾಯಕರ ಬಳಿ ಕಲಿತುದರಿಂದ ಚೌಡಯ್ಯನವರ ವಾದನದಲ್ಲಿ ಹಾಡುಗಾರಿಕೆಯ ಗುಣ ಮುಖ್ಯವಾಯಿತು. ಸಾಹಿತ್ಯದ ಎಡೆ, ಉಸಿರಿನ ನಿಲುಗಡೆ, ಗಮಕದ ಓಲಾಟ ಇವು ಕಮಾನಿನಲ್ಲಿ ಮೂಡಬೇಕೆಂಬುದು ಆ ಪರಂಪರೆಯ ನಿರೀಕ್ಷೆಯಾಗಿತ್ತು.

ಪಕ್ಕವಾದ್ಯದ ಸಮಸ್ಯೆ

ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ನೆಲೆಯೂರಿತು. ದಕ್ಷಿಣ ಭಾರತದ ವಿದ್ವಾಂಸರು ವಾದ್ಯದ ಆಕಾರವನ್ನು ಬದಲಿಸದೆ ಅದರ ಶ್ರುತಿಯನ್ನೂ ಹಿಡಿಯುವ ಕ್ರಮವನ್ನೂ ಬದಲಿಸಿಕೊಂಡರು. ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಪಂಚಮ ಎಂಬ ಕ್ರಮದಲ್ಲಿ ಶ್ರುತಿಗೊಳಿಸಿ, ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಗಾಲಿನ ಮೇಲೆ ಊರಿ ನುಡಿಸುವುದು ರೂಢಿಯಾಯಿತು.

ಪಿಟೀಲಿನ ಟೊಳ್ಳಾದ ಮರದ ಒಡಲು ತಂತಿಯ ಕಂಪನವನ್ನು ಹಿಗ್ಗಿಸುತ್ತದೆ. ಆದರೆ ಆ ಹಿಗ್ಗುವಿಕೆಗೆ ಮಿತಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಚೇರಿಗಳು ಅರಮನೆ ಮತ್ತು ಮನೆಯ ಹಜಾರಗಳಿಂದ ಸಭೆಗಳಿಗೂ ಉತ್ಸವದ ಚಪ್ಪರಗಳಿಗೂ ವಿಸ್ತರಿಸಿದವು. ತುಂಬು ಕಂಠದ ಗಾಯಕ ಮತ್ತು ಮೃದಂಗದ ನಡುವೆ ಪಿಟೀಲಿನ ನಾದ ಮುಂದಿನ ಕೆಲವು ಸಾಲುಗಳಲ್ಲೇ ಉಳಿದುಬಿಡುವ ಸಂದರ್ಭಗಳಿದ್ದವು. ಗಾಯಕನ ಆಲಾಪನೆಗೆ ಮರುನುಡಿ ಕೊಡಬೇಕಾದ ಪಕ್ಕವಾದ್ಯ ಕೇಳಿಸದೆ ಹೋದರೆ ಕಚೇರಿಯ ಸಂವಾದವೇ ಅರ್ಧವಾಗುತ್ತಿತ್ತು.

ಏಳು ತಂತಿಗಳ ಪಿಟೀಲು

1920ರ ದಶಕದ ಕೊನೆಯ ವೇಳೆಗೆ ಚೌಡಯ್ಯನವರು ಈ ಸಮಸ್ಯೆಗೆ ವಾದ್ಯದಲ್ಲೇ ಪರಿಹಾರ ಕಂಡುಕೊಂಡರು. ಇದ್ದ ತಂತಿಗಳಿಗೆ ಜೊತೆಯಾಗಿ ಮೂರು ಹೊಸ ತಂತಿಗಳನ್ನು ಅಳವಡಿಸಿದರು. ಜೋಡಿಯ ಎರಡು ತಂತಿಗಳು ಒಂದೇ ಸ್ವರವನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ನುಡಿಯುವುದರಿಂದ ನಾದ ದಟ್ಟವಾಯಿತು, ದೂರಕ್ಕೂ ಕೇಳಿಸಿತು.

ಈ ಮಾರ್ಪಾಡಿನಿಂದ ನುಡಿಸುವವರ ಶ್ರಮ ಹೆಚ್ಚಾಯಿತು. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು, ಕಮಾನು ಎರಡರ ಮೇಲೂ ಒಟ್ಟಿಗೆ ಹರಿಯಬೇಕು. ಶ್ರುತಿ ಮಾಡಬೇಕಾದ ಬಿರಡೆಗಳು ಹೆಚ್ಚುತ್ತವೆ. ಜೋಡಿಯ ಒಂದು ತಂತಿ ಕೂದಲೆಳೆಯಷ್ಟು ಸಡಿಲಿದರೂ ಅಪಸ್ವರ ಎದ್ದು ಕಾಣುತ್ತದೆ. ಗಮಕದಲ್ಲಿ ಬೆರಳು ತಂತಿಯ ಮೇಲೆ ಜಾರುವಾಗ ಈ ಕಷ್ಟ ಇನ್ನೂ ಹೆಚ್ಚು. ನಾಲ್ಕು ತಂತಿಗಳ ಪಿಟೀಲಿನ ತೆಳುವಾದ, ಒಂಟಿ ಎಳೆಯ ನಾದವನ್ನೇ ಮೆಚ್ಚಿದ ರಸಿಕರಿಗೆ ಹೊಸ ವಾದ್ಯದ ನಾದ ಭಾರವೆನಿಸಿದ್ದೂ ಉಂಟು. ಹೀಗಿದ್ದರೂ ಚೌಡಯ್ಯನವರು ಈ ವಾದ್ಯವನ್ನು ಬಿಡದೆ ಸಾಧಿಸಿದರು. ಅದು ಅವರ ಹೆಸರಿನಿಂದ ಬೇರ್ಪಡಿಸಲಾಗದ ಗುರುತಾಯಿತು.

ಇತರ ವಾದ್ಯಗಳೊಂದಿಗೆ ಹೋಲಿಕೆ

ಇದೇ ಕಾಲದಲ್ಲಿ ಪಾಶ್ಚಾತ್ಯ ಸಂಗೀತದಲ್ಲಿ ಗಿಟಾರ್ ಕೂಡ ಇದೇ ತೊಡಕನ್ನು ಎದುರಿಸುತ್ತಿತ್ತು. ದೊಡ್ಡ ವಾದ್ಯವೃಂದಗಳ ತುತ್ತೂರಿಗಳ ನಡುವೆ ಅದರ ಟೊಳ್ಳು ಒಡಲಿನ ನಾದ ಕೇಳಿಸುತ್ತಿರಲಿಲ್ಲ. ಹನ್ನೆರಡು ತಂತಿಗಳ ಗಿಟಾರ್‌ನಲ್ಲಿ ಆರು ಜೋಡಿಗಳಿದ್ದು, ಕೆಳಸ್ಥಾಯಿಯ ಜೋಡಿಗಳಿಗೆ ಮೇಲಿನ ಸ್ಥಾಯಿಯ ತಂತಿಯನ್ನು ಸೇರಿಸಲಾಗುತ್ತದೆ. ಚೌಡಯ್ಯನವರ ಕ್ರಮಕ್ಕೆ ಇದು ಹತ್ತಿರದ್ದು. ಇನ್ನೊಂದು ದಾರಿ ವಿದ್ಯುತ್ತಿನದು. 1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಎಂಬ ಟೊಳ್ಳು ಒಡಲಿನ ವಿದ್ಯುತ್ ಗಿಟಾರ್ ಅನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತಿದ್ದವು. ಆದರೆ ನಾದ ಬಹಳ ಜೋರಾದಾಗ ಟೊಳ್ಳು ಒಡಲು ತಾನೇ ಮರುಕಂಪಿಸಿ ಕಿರುಚುವ ದೋಷ ಅಂಥ ಗಿಟಾರ್‌ಗಳಿಗಿತ್ತು. ಚೌಡಯ್ಯನವರ ಪಿಟೀಲು ವಿದ್ಯುತ್ತನ್ನು ಅವಲಂಬಿಸಲಿಲ್ಲ. ತಂತಿ, ಮರ ಮತ್ತು ತೋಳಿನ ಬಲವಷ್ಟೇ ಅದರ ಆಧಾರ.

ಕಚೇರಿಗಳು ಮತ್ತು ಇತರ ಕೆಲಸ

ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಚೆಂಬೈ ವೈದ್ಯನಾಥ ಭಾಗವತರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಹಿರಿಯ ಗಾಯಕರಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಗಂಭೀರ ಶಾರೀರದ ಚೆಂಬೈ ಅವರೊಂದಿಗಿನ ಜೊತೆಗಾರಿಕೆ ವಿಶೇಷವಾಗಿ ಪ್ರಸಿದ್ಧವಾಯಿತು. ಮದರಾಸಿನ ಸಭೆಗಳಲ್ಲಿ ಮೈಸೂರಿನ ಪಿಟೀಲಿಗೆ ಮುಂಚೂಣಿಯ ಸ್ಥಾನ ದೊರೆತುದರಲ್ಲಿ ಅವರ ಪಾಲು ದೊಡ್ಡದು. ತನಿ ಕಚೇರಿಗಳನ್ನೂ ಅವರು ನಡೆಸುತ್ತಿದ್ದರು.

ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ತೆರೆಕಂಡ ‘ವಾಣಿ’ ಕನ್ನಡ ಚಲನಚಿತ್ರದ ನಿರ್ಮಾಣವೂ ಅವರದೇ. ಕಂಡದೇವಿ ಅಳಗಿರಿಸ್ವಾಮಿ ಅವರು ಚೌಡಯ್ಯನವರ ಶಿಷ್ಯರಲ್ಲಿ ಒಬ್ಬರು.

ಗೌರವಗಳು

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ದೊರೆಯಿತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಸಂದಿತು.

ನಿಧನ ಮತ್ತು ಸ್ಮರಣೆ

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಅಷ್ಟರಲ್ಲಿ ಧ್ವನಿವರ್ಧಕ ಕಚೇರಿಯ ವೇದಿಕೆಯ ಸಾಮಾನ್ಯ ಭಾಗವಾಗಿತ್ತು. ದೂರಕ್ಕೆ ಕೇಳಿಸಬೇಕೆಂಬ ಅಗತ್ಯವನ್ನು ಯಂತ್ರವೇ ಪೂರೈಸಿದ್ದರಿಂದ ಏಳು ತಂತಿಗಳ ಕಠಿಣ ಸಾಧನೆಗೆ ಮುಂದಾಗುವವರು ಕಡಿಮೆಯಾದರು. ಇಂದಿನ ಕಚೇರಿಗಳಲ್ಲಿ ನಾಲ್ಕು ತಂತಿಗಳ ಪಿಟೀಲೇ ಸಾಮಾನ್ಯ.

ಅವರ ನೆನಪಿಗಾಗಿ ಬೆಂಗಳೂರಿನ ವೈಯಾಲಿಕಾವಲ್ ಬಳಿ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ನಿರ್ಮಾಣವಾಯಿತು. ಕೆ.ಕೆ. ಮೂರ್ತಿ ಅವರ ಪ್ರಯತ್ನದಿಂದ ಎದ್ದುನಿಂತ ಈ ಕಟ್ಟಡ ಪಿಟೀಲಿನ ಆಕಾರದಲ್ಲಿದ್ದು, ತಂತಿ, ಬಿರಡೆ, ಕುದುರೆ ಮತ್ತು ಕಮಾನುಗಳನ್ನು ಒಳಗೊಂಡಿದೆ. ಅದರ ತಂತಿಗಳ ಸಂಖ್ಯೆ ಏಳು.