ಒಡೆಯನ ರೋಗಶಯ್ಯೆಯ ಬಳಿ ಫ್ರೆಡರಿಕ್ ಡಗ್ಲಸ್

ಅಮೆರಿಕದ ಮಹಾವಾಗ್ಮಿ ಫ್ರೆಡರಿಕ್ ಡಗ್ಲಸ್ ಅವರಿಗೆ ತಾವು ಹುಟ್ಟಿದ ದಿನ ತಿಳಿದಿರಲಿಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮ ತಾಯಿಯ ಮಗನಾಗಿ ಜನಿಸಿದ ಅವರಿಗೆ ಅದನ್ನು ಹೇಳುವವರಿರಲಿಲ್ಲ, ಕೇಳುವುದೇ ಉದ್ಧಟತನವೆನಿಸುತ್ತಿತ್ತು. ತಂದೆ ಬಿಳಿಯನೆಂಬ ಮಾತು ಕಿವಿಗೆ ಬಿದ್ದಿತ್ತು. ಆದರೆ ಮಗು ತಾಯಿಯ ಸ್ಥಿತಿಯನ್ನೇ ಅನುಸರಿಸಬೇಕೆಂಬುದು ಅಲ್ಲಿಯ ಕಾನೂನು. ದೂರದ ಹೊಲದಲ್ಲಿ ದುಡಿಯುತ್ತಿದ್ದ ತಾಯಿ ಹ್ಯಾರಿಯೆಟ್ ರಾತ್ರಿ 12 ಮೈಲಿ ನಡೆದು ಬಂದು, ಮಗನನ್ನು ಮಲಗಿಸಿ, ಬೆಳಗಾಗುವ ಮುನ್ನ ಮರಳುತ್ತಿದ್ದಳು. ಅಂಥ ಭೇಟಿಗಳು ನಾಲ್ಕೈದು ಮಾತ್ರ.

ಈ ಕ್ರೌರ್ಯವನ್ನು ಕೆಲವರ ಕೆಟ್ಟತನವೆಂದು ಬದಿಗಿಡಲಾಗದು. 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಬಂದ ಬಳಿಕ ದಕ್ಷಿಣದಲ್ಲಿ ಹತ್ತಿಯ ಬೆಳೆ ಹಬ್ಬಿತು. 1808ರಿಂದ ಹೊರದೇಶಗಳಿಂದ ಗುಲಾಮರನ್ನು ತರುವುದು ನಿಷಿದ್ಧವಾಯಿತು. ಹೊಗೆಸೊಪ್ಪಿನ ಬೇಸಾಯ ಕುಗ್ಗಿದ್ದ ಮೇರಿಲ್ಯಾಂಡಿನ ಒಡೆಯರಿಗೆ ತಮ್ಮ ಆಳುಗಳೇ ಮಾರಾಟದ ಸರಕಾದರು. ಡಗ್ಲಸ್ ಅವರ ಬಂಧುಗಳಲ್ಲಿ ಹಲವರು ಹೀಗೆಯೇ ದಕ್ಷಿಣಕ್ಕೆ ಮಾರಲ್ಪಟ್ಟರು.

ಈ ಜೀವನವೃತ್ತಾಂತವನ್ನು ಓದುವಾಗ ನಾವು ಹೆಚ್ಚು ಹೊತ್ತು ನಿಂತದ್ದು ಸೋಫಿಯಾ ಆಲ್ಡ್ ಎಂಬ ಗೃಹಿಣಿಯ ಪ್ರಸಂಗದಲ್ಲಿ. ಸುಮಾರು ಎಂಟು ವರ್ಷದ ಬಾಲಕನನ್ನು ಬಾಲ್ಟಿಮೋರ್ ನಗರದ ಅವಳ ಮನೆಗೆ ಕಳುಹಿಸಲಾಯಿತು. ಮದುವೆಗೆ ಮುನ್ನ ನೇಯ್ಗೆಯಿಂದ ಬದುಕಿದ್ದ ಅವಳು ಅದುವರೆಗೆ ಗುಲಾಮರನ್ನು ಆಳಿದವಳಲ್ಲ. ಬಾಲಕನನ್ನು ಮಗುವಿನಂತೆಯೇ ಕಂಡು ಅಕ್ಷರ ಕಲಿಸತೊಡಗಿದಳು. ಓದು ಕಲಿತವನು ಗುಲಾಮನಾಗಿ ಉಳಿಯಲಾರನೆಂದು ಗಂಡ ಹ್ಯೂ ತಡೆದ. ಕ್ರಮೇಣ ಆ ಮೃದುಹೃದಯಿಯೇ ಹುಡುಗನ ಕೈಯಲ್ಲಿ ಪತ್ರಿಕೆ ಕಂಡರೆ ಸಿಟ್ಟಿನಿಂದ ಕಸಿದುಕೊಳ್ಳುವವಳಾದಳು. ಗುಲಾಮಗಿರಿ ತನಗೆ ಮಾಡಿದಷ್ಟೇ ಕೇಡನ್ನು ಅವಳಿಗೂ ಮಾಡಿತೆಂದು ಡಗ್ಲಸ್ ಮುಂದೆ ಬರೆದರು. ಅವರಾದರೋ ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡರು!

1838ರಲ್ಲಿ ನಾವಿಕನ ವೇಷ ತೊಟ್ಟು ಉತ್ತರಕ್ಕೆ ಪಾರಾದರು. 1845ರಲ್ಲಿ ಆತ್ಮಕಥೆ ಪ್ರಕಟವಾಯಿತು. ಮರುವರ್ಷ ಬ್ರಿಟನ್ನಿನ ಮಿತ್ರರು 150 ಪೌಂಡ್ ತೆತ್ತು ಅವರನ್ನು ಕಾನೂನುರೀತ್ಯಾ ಬಿಡಿಸಿದರು. ಪತ್ರಿಕೆ ನಡೆಸಿದರು, ಸ್ತ್ರೀಯರ ಮತಾಧಿಕಾರಕ್ಕೆ ದನಿಗೂಡಿಸಿದರು, ಅಂತರ್ಯುದ್ಧದಲ್ಲಿ ಇಬ್ಬರು ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದರು. 1848ರಲ್ಲಿ ತಮ್ಮ ಹಳೆಯ ಒಡೆಯ, ಹ್ಯೂನ ಸೋದರ ಥಾಮಸ್ ಆಲ್ಡ್‌ಗೆ ಬಹಿರಂಗ ಪತ್ರ ಬರೆದು, ವೃದ್ಧೆಯಾದ ತಮ್ಮ ಅಜ್ಜಿಯನ್ನು ಅವನು ಕಾಡುಪಾಲು ಮಾಡಿದನೆಂದು ಉಗ್ರವಾಗಿ ಆರೋಪಿಸಿದ್ದರು.

1877ರಲ್ಲಿ ಆ ಥಾಮಸ್ ರೋಗಶಯ್ಯೆಯಲ್ಲಿದ್ದ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಮಾರ್ಷಲ್ ಎಂಬ ಉನ್ನತ ಪದವಿಯಲ್ಲಿದ್ದ ಡಗ್ಲಸ್ ಅವನನ್ನು ಕಾಣಲು ಹೋದರು. ಈ ಭೇಟಿಗೆ ಸ್ವಜನರಿಂದಲೇ ಟೀಕೆ ಬಂದಿತು. ಅದು ಅಸಹಜವೆಂದು ನಮಗೆ ತೋರುವುದಿಲ್ಲ. ಚಾವಟಿಯ ಗಾಯಗಳು ಮಾಯದವರು ಹಾಗೆ ಕೇಳಲು ಹಕ್ಕುಳ್ಳವರು. ಗುಲಾಮಗಿರಿಯ ವಿಷಯದಲ್ಲಿ ಡಗ್ಲಸ್ ಕೊನೆಯವರೆಗೂ ಕಿಂಚಿತ್ತೂ ಮೃದುವಾಗಲಿಲ್ಲ. ಆದರೆ ತಮ್ಮಂತೆಯೇ ಥಾಮಸನೂ ಜನ್ಮ, ಶಿಕ್ಷಣ, ಕಾನೂನು, ರೂಢಿಗಳು ಬಿಗಿದ ಕಟ್ಟಿನಲ್ಲಿದ್ದನೆಂದು ಈಗ ಅವರಿಗೆ ಕಂಡಿತು.

ನಡುಗುವ ಕೈಗಳನ್ನು ಕಂಡು ಅವರಿಗೆ ಮಾತು ಹೊರಡಲಿಲ್ಲ. ಥಾಮಸನ ಕಣ್ಣು ತುಂಬಿತು. ಅಜ್ಜಿಯ ವಿಷಯದಲ್ಲಿ ತಾವು ತಪ್ಪಿದ್ದಾಗಿ ಡಗ್ಲಸ್ ಒಪ್ಪಿಕೊಂಡರು. ಆಕೆಯ ಒಡೆತನ ತನ್ನದಾಗಿರಲಿಲ್ಲ, ಆದರೂ ಕರೆತಂದು ಕೊನೆಯವರೆಗೂ ಸಾಕಿದೆನೆಂದು ಥಾಮಸ್ ತಿಳಿಸಿದ. ಅವರ ಸ್ಥಾನದಲ್ಲಿ ತಾನಿದ್ದಿದ್ದರೆ ತಾನೂ ಓಡಿಹೋಗುತ್ತಿದ್ದೆನೆಂದೂ ಹೇಳಿದ. ಬಳಿಕ ಡಗ್ಲಸ್ ತಮ್ಮ ಜನ್ಮಕಾಲವನ್ನು ಕೇಳಿದರು. ಬಹುಶಃ 1818ರ ಫೆಬ್ರವರಿ ಎಂದು ಉತ್ತರ ಬಂದಿತು. ಅಲ್ಲಿಯವರೆಗೆ ಅವರು ತಮ್ಮ ವಯಸ್ಸನ್ನು ಒಂದು ವರ್ಷ ಹೆಚ್ಚಾಗಿಯೇ ಎಣಿಸಿಕೊಂಡು ಬಂದಿದ್ದರು.