ಸೀಮೆಸುಣ್ಣದಲ್ಲಿ ಸಮುದ್ರವನ್ನು ಕಂಡ ಹಕ್ಸ್‌ಲಿ



ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಾಲಿನಂತೆ ಬೆಳ್ಳಗಿರುವ ಎತ್ತರದ ಬಂಡೆಗಳಿವೆ. ಅವು ನಿಜವಾದ ಸೀಮೆಸುಣ್ಣದ ಬಂಡೆಗಳು. ಅಷ್ಟೊಂದು ಸುಣ್ಣ ಅಲ್ಲಿಗೆ ಎಲ್ಲಿಂದ ಬಂತು? ನಾವು ಉಸಿರಿನಲ್ಲಿ ಹೊರಬಿಡುವ ಇಂಗಾಲದ ಡೈಆಕ್ಸೈಡಿಗೂ ಈ ಬಂಡೆಗೂ ಏನಾದರೂ ಸಂಬಂಧವಿದೆಯೇ? ಉತ್ತರ ಹುಡುಕಲು ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ವಿಜ್ಞಾನಿಯ ಬದುಕನ್ನು ನೋಡೋಣ ಬನ್ನಿ.

ಹಕ್ಸ್‌ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಬಳಿಯ ಈಲಿಂಗ್‌ನಲ್ಲಿ. ತಂದೆ ಗಣಿತದ ಶಿಕ್ಷಕರು. ಆದರೂ ಮನೆಯಲ್ಲಿ ಕಷ್ಟ ಬಂದು ಹುಡುಗ ಹತ್ತನೆಯ ವಯಸ್ಸಿಗೇ ಶಾಲೆ ಬಿಡಬೇಕಾಯಿತು. ಶಾಲೆಯಲ್ಲಿ ಕಲಿತದ್ದು ಎರಡೇ ವರ್ಷ. ಉಳಿದುದನ್ನು ಪುಸ್ತಕಗಳಿಂದ ತಾನೇ ಕಲಿತ. ಜರ್ಮನ್ ಭಾಷೆಯನ್ನೂ ಹಾಗೆಯೇ ಕಲಿತ. ಮುಂದೆ ವಿದ್ಯಾರ್ಥಿವೇತನ ಪಡೆದು ವೈದ್ಯಶಿಕ್ಷಣಕ್ಕೆ ಸೇರಿದ.

1846ರಲ್ಲಿ ಹಕ್ಸ್‌ಲಿ ರ‍್ಯಾಟಲ್‌ಸ್ನೇಕ್ ಎಂಬ ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಆಸ್ಟ್ರೇಲಿಯದ ಕಡೆಗೆ ಹೊರಟರು. ಸುಮಾರು ನಾಲ್ಕು ವರ್ಷಗಳ ಆ ಯಾನದಲ್ಲಿ ಲೋಳೆಮೀನಿನಂತಹ ಮೃದು ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಲೇಖನಗಳನ್ನು ಬರೆದರು. 1851ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯರಾದರು.

1857ರಲ್ಲಿ ಸೈಕ್ಲಾಪ್ಸ್ ಎಂಬ ಹಡಗು ಅಟ್ಲಾಂಟಿಕ್ ಸಾಗರದ ಆಳ ಅಳೆಯಲು ಹೋಯಿತು. ಸಾಗರದ ತಳದಲ್ಲಿ ತಂತಿ ಹಾಸಿ ಯೂರೋಪ್ ಮತ್ತು ಅಮೆರಿಕಗಳ ನಡುವೆ ಸಂದೇಶ ಕಳಿಸುವ ಯೋಜನೆ ಅದು. ಮೂರು ನಾಲ್ಕು ಕಿಲೋಮೀಟರ್ ಆಳದಿಂದ ಬಂದ ಕೆಸರನ್ನು ಪರೀಕ್ಷೆಗಾಗಿ ಹಕ್ಸ್‌ಲಿಯವರಿಗೆ ಕೊಟ್ಟರು. ಅದು ಬರೀ ಕೆಸರಾಗಿರಲಿಲ್ಲ! ಅದರ ತುಂಬ ಸೂಕ್ಷ್ಮಜೀವಿಗಳ ಚಿಪ್ಪುಗಳಿದ್ದವು. ಅವುಗಳ ನಡುವೆ ಇನ್ನೂ ಚಿಕ್ಕದಾದ ದುಂಡು ಬಿಲ್ಲೆಗಳೂ ಇದ್ದವು. ಆ ಬಿಲ್ಲೆಗಳಿಗೆ ಅವರು ಕೊಕ್ಕೊಲಿತ್ ಎಂದು ಹೆಸರಿಟ್ಟರು.

ಇಂಥವೇ ಚಿಪ್ಪುಗಳು, ಬಿಲ್ಲೆಗಳು ನೆಲದ ಮೇಲಿನ ಸೀಮೆಸುಣ್ಣದ ಬಂಡೆಯಲ್ಲೂ ಸಿಕ್ಕವು. ಹಾಗಾದರೆ ಆ ಬಂಡೆ ಹಿಂದೊಮ್ಮೆ ಸಮುದ್ರದ ತಳವಾಗಿತ್ತು! 1868ರಲ್ಲಿ ನಾರ್ವಿಚ್ ನಗರದಲ್ಲಿ ಹಕ್ಸ್‌ಲಿಯವರು ದುಡಿಯುವ ಜನರ ಮುಂದೆ ಒಂದು ತುಂಡು ಸೀಮೆಸುಣ್ಣದ ಬಗ್ಗೆಯೇ ಉಪನ್ಯಾಸ ಮಾಡಿದರು. ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಸೀಮೆಸುಣ್ಣವಾಗಿದೆ ಎಂದು ಸರಳವಾಗಿ ತಿಳಿಸಿದರು.

ಅದೇ ವರ್ಷ ಅವರು ಒಂದು ತಪ್ಪನ್ನೂ ಮಾಡಿದರು. ಮದ್ಯಸಾರದಲ್ಲಿ ಕಾಪಿಟ್ಟಿದ್ದ ಹಳೆಯ ಕೆಸರಿನಲ್ಲಿ ಲೋಳೆಯೊಂದನ್ನು ಕಂಡು, ಅದೊಂದು ಆದಿಜೀವಿ ಎಂದು ಭಾವಿಸಿ ಬ್ಯಾಥಿಬಿಯಸ್ ಎಂದು ಹೆಸರಿಟ್ಟರು. ಚಾಲೆಂಜರ್ ಹಡಗಿನಲ್ಲಿದ್ದ ರಸಾಯನ ವಿಜ್ಞಾನಿ ಬುಕಾನನ್ 1875ರಲ್ಲಿ ನಿಜವನ್ನು ಪತ್ತೆ ಮಾಡಿದರು. ಸಮುದ್ರದ ನೀರಿಗೆ ಮದ್ಯಸಾರ ಸೇರಿದಾಗ ಒತ್ತರಿಸುವ ಕ್ಯಾಲ್ಸಿಯಂ ಸಲ್ಫೇಟ್ ಅದು. ಸುದ್ದಿ ತಲುಪಿದಾಗ ಹಕ್ಸ್‌ಲಿ ಪ್ರಸಿದ್ಧ ವಿಜ್ಞಾನಿ. ಮುಚ್ಚಿಡಬಹುದಿತ್ತು. ಆದರೆ ನೇಚರ್ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ತಪ್ಪನ್ನು ಒಪ್ಪಿಕೊಂಡರು. ಹೊಸ ಸಾಕ್ಷ್ಯ ಸಿಕ್ಕಾಗ ಹಳೆಯ ಅಭಿಪ್ರಾಯವನ್ನು ಬಿಡುವುದೇ ವಿಜ್ಞಾನದ ದಾರಿಯಲ್ಲವೇ?

ಕೊಕ್ಕೊಲಿತ್‌ಗಳನ್ನು ಕಟ್ಟುವವರು ಯಾರೆಂದು ಇಂದು ನಮಗೆ ಚೆನ್ನಾಗಿ ತಿಳಿದಿದೆ. ಅವು ಕಣ್ಣಿಗೆ ಕಾಣದ ಒಂದೇ ಕೋಶದ ಪಾಚಿಗಳು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಬಳಸಿ, ಬಿಸಿಲಿನಲ್ಲಿ ಗಿಡಗಳಂತೆ ಆಹಾರ ತಯಾರಿಸುತ್ತವೆ. ಮೈಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಲ್ಲೆಗಳನ್ನೂ ಕಟ್ಟಿಕೊಳ್ಳುತ್ತವೆ. ಬಿಲ್ಲೆ ಕಟ್ಟುವಾಗ ಸ್ವಲ್ಪ ಇಂಗಾಲದ ಡೈಆಕ್ಸೈಡ್ ನೀರಿಗೆ ಮರಳುವುದೂ ಉಂಟು. ಪಾಚಿ ಸತ್ತ ಮೇಲೆ ಅದರ ದೇಹದ ಹೆಚ್ಚಿನ ಭಾಗವನ್ನು ಬೇರೆ ಜೀವಿಗಳು ತಿಂದುಬಿಡುತ್ತವೆ. ಸ್ವಲ್ಪ ಭಾಗ ಮಾತ್ರ ಬಿಲ್ಲೆಗಳೊಡನೆ ತಳ ಸೇರುತ್ತದೆ. ಹೀಗೆ ಕೋಟ್ಯಂತರ ವರ್ಷ ಪದರದ ಮೇಲೆ ಪದರ ಕೂಡಿ ಬಂಡೆಯಾಯಿತು. ಅದರೊಳಗಿನ ಇಂಗಾಲ ಆರೂವರೆ ಕೋಟಿ ವರ್ಷಗಳಿಗೂ ಹಿಂದಿನಿಂದ ಅಲ್ಲೇ ಭದ್ರವಾಗಿದೆ! ಇಂಥ ಪಾಚಿಗಳಲ್ಲಿ ಒಂದಕ್ಕೆ ಹಕ್ಸ್‌ಲಿಯವರ ನೆನಪಿಗಾಗಿ ಎಮಿಲಿಯಾನಿಯಾ ಹಕ್ಸ್‌ಲೇಯಿ ಎಂಬ ಹೆಸರಿಡಲಾಯಿತು. ಅದು ಹೇರಳವಾಗಿ ಬೆಳೆದಾಗ ಸಮುದ್ರ ಹಾಲು ಬೆರೆಸಿದಂತೆ ಕಾಣುತ್ತದೆ. ಉಪಗ್ರಹದಿಂದಲೂ ಅದನ್ನು ನೋಡಬಹುದು.

ಮನುಷ್ಯರು ಇಂಧನ ಸುಟ್ಟು, ಕಾಡು ಕಡಿದು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೆಯ ಒಂದು ಭಾಗವನ್ನು ಸಮುದ್ರವೇ ಹೀರಿಕೊಳ್ಳುತ್ತಿದೆ. ಇದರಿಂದ ನೀರಿನ ಆಮ್ಲತೆ ಹೆಚ್ಚಿ, ಹಲವು ಜೀವಿಗಳಿಗೆ ಚಿಪ್ಪು ಕಟ್ಟುವುದು ಕಷ್ಟವಾಗುತ್ತಿದೆ. ಪ್ರಕೃತಿ ಬಹು ನಿಧಾನವಾಗಿ ಕೂಡಿಟ್ಟದ್ದನ್ನು ನಾವು ಬಹು ಬೇಗ ಖರ್ಚು ಮಾಡುತ್ತಿದ್ದೇವೆ.

ಹಕ್ಸ್‌ಲಿ 1870ರಲ್ಲಿ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾಗಿ, ಪ್ರಾಥಮಿಕ ಶಾಲೆಯಲ್ಲೂ ವಿಜ್ಞಾನ ಕಲಿಸಬೇಕೆಂದು ಶ್ರಮಿಸಿದರು. ಕೊನೆಯ ವರ್ಷಗಳನ್ನು ಸೀಮೆಸುಣ್ಣದ ಬಂಡೆಗಳಿಗೆ ಹೆಸರಾದ ಈಸ್ಟ್‌ಬೋರ್ನ್‌ನಲ್ಲಿ ಕಳೆದು, 1895ರ ಜೂನ್ 29ರಂದು ಅಲ್ಲೇ ನಿಧನರಾದರು.

ಮಾಡಿ ನೋಡಿ: ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆರಸ ಹಾಕಿ. ಏಳುವ ಗುಳ್ಳೆಗಳೇ ಇಂಗಾಲದ ಡೈಆಕ್ಸೈಡ್. ತರಗತಿಯ ಸೀಮೆಸುಣ್ಣದ ಮೇಲೂ ಹಾಕಿ. ಗುಳ್ಳೆ ಬಾರದಿದ್ದರೆ ಅದು ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್ ಇರಬಹುದು. ಹಕ್ಸ್‌ಲಿಯವರನ್ನು ಏಮಾರಿಸಿದ್ದೂ ಇದೇ ವಸ್ತು!